ಒಂದು ಗೇಣು, ನಾಲ್ಕು ಬೆರಳು

ಸಾತ್ವಿಕ್ ಮತ್ತು ಹಂಸಿನಿಯ ಮನೆಯ ಕಂಪ್ಯೂಟರಿಗೆ ಮೈಮೇಲೆ ಬಟ್ಟೆಯಿರಲಿಲ್ಲ. ಗ್ರೇಟರ್ ನೋಯ್ಡಾದಲ್ಲಿ ಹದಿನೇಳನೇ ಮಹಡಿಯ ಬಾಡಿಗೆ ಫ್ಲ್ಯಾಟು. ಹಾಲಿನ ಮೂಲೆಯಲ್ಲೊಂದು ಮೇಜು. ಮೇಜಿನ ಮೇಲೆ ಮದರ್‌ಬೋರ್ಡ್ ಬಂದಿದ್ದ ರಟ್ಟಿನ ಡಬ್ಬಿ. ಡಬ್ಬಿಯ ಮೇಲೆ ಮದರ್‌ಬೋರ್ಡು, ಅದಕ್ಕೆ ಸಿಕ್ಕಿಸಿದ ಉದ್ದನೆಯ ಗ್ರಾಫಿಕ್ಸ್ ಕಾರ್ಡು, ಸುತ್ತ ಶಾವಿಗೆ ಚೆಲ್ಲಿದ ಹಾಗೆ ವೈರುಗಳು. ಎಂಟು ತಿಂಗಳಿಂದ ಹಾಗೆಯೇ ಓಡುತ್ತಿತ್ತು. ಮುಂದಿನ ತಿಂಗಳು ಇದನ್ನೆಲ್ಲ ಒಳಗಿಡಲು ಒಂದು ಕ್ಯಾಬಿನೆಟ್ ತರೋಣ ಎಂದು ಪ್ರತಿ ತಿಂಗಳೂ ಅಂದುಕೊಳ್ಳುವರು. ತಿಂಗಳುಗಳದ್ದೇನು, ಕರೆದರೂ ಕರೆಯದಿದ್ದರೂ ಬರುತ್ತವೆ.

ಬೋರ್ಡು ಅವನದು, ಕಾರ್ಡು ಅವಳದು. ಮದುವೆಗೆ ಮುಂಚೆ ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟು ಅರ್ಧಕ್ಕೆ ನಿಂತವರು. ದಿಲ್ಲಿಯ ದ್ವಾರಕಾದ ಅವಳ ಮನೆಯಲ್ಲಿ ಹೆಣ್ಣು ನೋಡುವ ದಿನ ಹಿರಿಯರು ಇಬ್ಬರನ್ನೂ ಮಾತಾಡಿಕೊಳ್ಳಲಿ ಎಂದು ಬಾಲ್ಕನಿಗೆ ಕಳಿಸಿದಾಗ, ಸಿಕ್ಕ ಹನ್ನೆರಡು ನಿಮಿಷದಲ್ಲಿ ಹತ್ತು ನಿಮಿಷ ಮಾತಾಡಿದ್ದು ಇದನ್ನೇ. ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಂಡಿದ್ದೇನೆ, ಮೂರು ಫ್ಯಾನಿನದು, ಡಬ್ಬಿ ಇಲ್ಲ, ಮೇಲಿನ ಸ್ಟಿಕರ್ ಕೂಡ ಅಳಿಸಿ ಹೋಗಿದೆ, ಎಂದು ಅವಳು ಹೇಳಿದಾಗಲೇ ತುಮಕೂರಿನ ಈ ಹುಡುಗ ಮನಸ್ಸಿನಲ್ಲಿ ಒಪ್ಪಿಗೆ ಕೊಟ್ಟಾಗಿತ್ತು. ಜಾತಕ ಕೂಡಿತೋ ಇಲ್ಲವೋ, ಬೋರ್ಡಿಗೆ ಕಾರ್ಡು ಕೂಡಿತು.

ಅವರು ಆಡುತ್ತಿದ್ದ ಆಟದಲ್ಲಿ ಹೊಡೆದಾಟ ಇರಲಿಲ್ಲ. ಮುಗಿಯದ ಒಂದು ಸರೋವರ, ಅದರಲ್ಲೊಂದು ದೋಣಿ, ಬಲು ದೂರದ ದ್ವೀಪದಲ್ಲಿ ದೀಪ ಉರಿಯುವ ಒಂದು ಕಿಟಕಿ. ಸಂಜೆ ಇಬ್ಬರೂ ಒಂದೇ ಕಂಬಳಿ ಹೊದ್ದು ಕೂರುವರು. ಹುಟ್ಟು ಹಾಕುವುದು ಸಾತ್ವಿಕ್, ದಾರಿ ಹೇಳುವುದು ಹಂಸಿನಿ. ಮದುವೆಯಾದ ಹೊಸದರಲ್ಲಿ ಅವಳು 'ನೀವು' ಎನ್ನುತ್ತಿದ್ದಳು. ಒಂದು ಸಂಜೆ ದೋಣಿ ಬಂಡೆಗೆ ಬಡಿಯುವುದರಲ್ಲಿದ್ದಾಗ "ಎಡಕ್ಕೆ ತಿರುಗಿಸೋ" ಎಂದುಬಿಟ್ಟಳು. ಆಮೇಲೆ 'ನೀವು' ಮನೆಗೆ ವಾಪಸು ಬರಲಿಲ್ಲ. ಕೆಲವು ಸಂಜೆ ಹುಟ್ಟು ಹಾಕದೆ ದೋಣಿಯನ್ನು ಸುಮ್ಮನೆ ತೇಲಲು ಬಿಡುವರು. ಪರದೆಯ ನೀರಿನ ಬೆಳಕು ಗೋಡೆಯ ಮೇಲೆ ಅಲ್ಲಾಡುವುದು, ಕಿಟಕಿಯಾಚೆ ಜನವರಿಯ ಮಂಜಿನಲ್ಲಿ ಎದುರಿನ ಟವರುಗಳು ಒಂದೊಂದಾಗಿ ಕರಗುವುವು, ಸಾತ್ವಿಕ್‌ಗೆ ತಮ್ಮ ಹದಿನೇಳನೇ ಮಹಡಿಯೇ ಕಟ್ಟು ಬಿಚ್ಚಿಕೊಂಡು ಮೆಲ್ಲಗೆ ತೇಲುತ್ತಿದೆ ಎನ್ನಿಸುವುದು. ಅಷ್ಟು ಸುಖ ಅವನಿಗೆ ಹಿಂದೆಂದೂ ಗೊತ್ತಿರಲಿಲ್ಲ.

ಆ ಸುಖದ ನಡುವೆ ಉದಯಪುರದ ಮೇಲ್ ಬಂತು. ಹಂಸಿನಿ ಕೆರೆಗಳ ನೀರಿನ ಮೇಲೆ ಪಿಎಚ್.ಡಿ. ಮುಗಿಸಿದವಳು. ಅಲ್ಲಿಯ ಸಂಸ್ಥೆಯೊಂದು ಎರಡು ವರ್ಷದ ಕೆಲಸ ಕೊಟ್ಟಿತ್ತು, ಸೋಮವಾರದೊಳಗೆ ಉತ್ತರ ಕೇಳಿತ್ತು. ಅವಳು ಮೇಲ್ ಓದಿ ಹೇಳಿ ಗಂಡನ ಮುಖ ನೋಡಿದಳು. ಸಾತ್ವಿಕ್‌ನ ಕೆಲಸ ನೋಯ್ಡಾದ ಐಟಿ ಕಂಪನಿಯಲ್ಲಿ. ಅವನು ಬಿಟ್ಟು ಬರುವ ಹಾಗಿರಲಿಲ್ಲ. ಹೋಗಬೇಡ ಎನ್ನಲು ಅವನಿಗೆ ನಾಚಿಕೆ, ಹೋಗು ಎನ್ನಲು ಭಯ. "ನಿನ್ನಿಷ್ಟ," ಎಂದ. ಗಂಡಂದಿರ ಬಾಯಲ್ಲಿ ಈ ಮಾತು ದೊಡ್ಡ ಮನಸ್ಸಿನ ವೇಷ ಹಾಕಿಕೊಂಡು ಬರುತ್ತದೆ. ಒಳಗಿರುವುದು ಬರೀ ಪುಕ್ಕಲುತನ. ಹಂಸಿನಿ "ಅಚ್ಛಾ" ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಶುಕ್ರವಾರ ಅವಳು ಬೋರ್ಡಿನ ಮೇಲೆ ಬೆರಳಾಡಿಸಿ ನೋಡಿದಳು. ಎದುರಿನ ಕಟ್ಟಡದ ಕೆಲಸದ ಸಿಮೆಂಟು ಧೂಳು ಬೆರಳಿಗೆ ಹಿಟ್ಟಿನ ಹಾಗೆ ಅಂಟಿತು.

"ಇದನ್ನ ಹೀಗೆ ಬಿಟ್ಟರೆ ಸಾಯುತ್ತೆ. ನಾಳೆ ಕ್ಯಾಬಿನೆಟ್ ತರೋಣ," ಎಂದಳು. "ಮೂರೂವರೆ ಸಾವಿರದೊಳಗೆ. ಕಾರ್ಡ್ ಎಷ್ಟುದ್ದ ಇದೆ, ಅಳೆದು ನೋಡು."

ಟೇಪು ಸಿಗಲಿಲ್ಲ. ಸಾತ್ವಿಕ್ ಕೈ ಚಾಚಿ ಅಳೆದ. "ಒಂದು ಗೇಣು, ನಾಲ್ಕು ಬೆರಳು."

ಅವಳು ಅದನ್ನೇ ಫೋನಿನಲ್ಲಿ ಬರೆದುಕೊಂಡಳು. ಪ್ರಯೋಗಾಲಯದಲ್ಲಿ ಒಂದು ಹನಿಯನ್ನು ನೂರು ಪಾಲು ಮಾಡುವ ಹುಡುಗಿ, ಮನೆಗೆ ಬಂದರೆ ಅಜ್ಜಿಯ ಮೊಮ್ಮಗಳೇ.

ಶನಿವಾರ ಬೆಳಿಗ್ಗೆ ಮಂಜು ಹೇಗಿತ್ತೆಂದರೆ ಮೆಟ್ರೋ ಎಲ್ಲಿಗೆ ಹೋಗುತ್ತಿದೆ ಎಂದು ಮೆಟ್ರೋಗೇ ಗೊತ್ತಿದ್ದಂತಿರಲಿಲ್ಲ. ಕಿಟಕಿಯಾಚೆ ಬರೀ ಬಿಳುಪು. ಹಂಸಿನಿ ಅವನ ಭುಜಕ್ಕೆ ತಲೆಯಿಟ್ಟು ತೂಕಡಿಸಿದಳು. ದಿಲ್ಲಿಯ ಕಂಪ್ಯೂಟರ್ ಪೇಟೆ ನೆಹರೂ ಪ್ಲೇಸ್ ಬರದೇ ಇರಲಿ, ಹೀಗೇ ಹೋಗುತ್ತಿರೋಣ ಎಂದು ಸಾತ್ವಿಕ್ ಬೇಡಿಕೊಂಡ. ಯಾರೂ ಕೇಳಿಸಿಕೊಳ್ಳಲಿಲ್ಲ.

ನೆಹರೂ ಪ್ಲೇಸಿನ ಎರಡನೇ ಮಹಡಿಯ ಅಂಗಡಿಯಲ್ಲಿ ಕ್ಯಾಬಿನೆಟ್‌ಗಳು ನೆಲದಿಂದ ಸೂರಿನವರೆಗೆ ಪೇರಿಸಿದ್ದವು. ಅಂಗಡಿಯ ಸಂದೀಪ್ ಭಯ್ಯಾ ಒಂದೊಂದನ್ನೇ ಇಳಿಸಿ ತೋರಿಸಿದ. ಗಾಜಿನ ಮುಖದ್ದು ನೋಡಲು ಚೆಂದ, ಆದರೆ ಒಳಗೆ ಗಾಳಿಯಿಲ್ಲ. ಜಾಲರಿಯ ಮುಖದ್ದು ಗಾಳಿ ತರುತ್ತದೆ, ಜೊತೆಗೆ ದಿಲ್ಲಿಯ ಧೂಳನ್ನೂ. ಕೊನೆಗೆ ಎರಡು ಉಳಿದವು. ಒಂದು, ಸೊಂಟದೆತ್ತರದ ಕರಿ ಟವರು, ಎತ್ತಿಡಲು ಇಬ್ಬರು ಬೇಕು. ಇನ್ನೊಂದು, ಟಿಫಿನ್ ಕ್ಯಾರಿಯರಿನ ಹಾಗೆ ಮೇಲೊಂದು ಹಿಡಿಯಿದ್ದ ಪುಟಾಣಿ.

ಸಾತ್ವಿಕ್ ಅಲ್ಲೇ ನಿಂತು ಶಕುನ ನೋಡತೊಡಗಿದ. ಸೊಂಟದೆತ್ತರದ್ದನ್ನು ಯಾರು ಊರಿಂದೂರಿಗೆ ಹೊರುತ್ತಾರೆ? ಅದನ್ನು ಆರಿಸಿದಳೆಂದರೆ ಇಲ್ಲೇ ಇರುತ್ತಾಳೆ. ಹಿಡಿಯಿರುವುದನ್ನು ಆರಿಸಿದಳೆಂದರೆ ಉದಯಪುರ ಖಂಡಿತ. ಕೈಯಲ್ಲಿ ಹಿಡಿದು ಹೊರಟೇಬಿಡುತ್ತಾಳೆ. ಬಾಯಿಬಿಟ್ಟು ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಬಾಯಿಬಿಟ್ಟು ಕೇಳುವವನಾಗಿದ್ದರೆ ಅವನು ಸಾತ್ವಿಕ್ ಹೇಗಾದಾನು?

"ದೊಡ್ಡದೇ ಒಳ್ಳೇದಲ್ವಾ? ಗಾಳಿ ಚೆನ್ನಾಗಿ ಆಡುತ್ತೆ," ಎಂದ.

"ಹಿಡಿ ಇರೋದೇ ಇರಲಿ," ಎಂದಳು ಹಂಸಿನಿ. "ಕಾರ್ಡ್ ಹಿಡಿಸಿದರೆ ಸಾಕು." ಮುಚ್ಚಳ ತೆಗೆಸಿ, ಒಳಗೆ ಕೈಯಿಟ್ಟು, ಹೆಬ್ಬೆರಳಿಂದ ಕಿರುಬೆರಳಿಗೆ ಒಂದು ಗೇಣು, ಅದರ ಮುಂದೆ ನಾಲ್ಕು ಬೆರಳು ಅಳೆದಳು. "ನೋಡು, ಸರಿಯಾಗಿದೆ. ಇನ್ನೂ ಸ್ವಲ್ಪ ಜಾಗ ಉಳಿಯುತ್ತೆ."

ಅವಳ ಗೇಣು. ಅವಳ ಬೆರಳು. ಸಾತ್ವಿಕ್ ತನ್ನ ಅಗಲವಾದ ಕೈಯನ್ನು ನೋಡಿಕೊಂಡ. ಕಾರ್ಡನ್ನು ಅಳೆದಿದ್ದು ಈ ಕೈ. ಹೂವಾಡಗಿತ್ತಿಯ ಮೊಳವೇ ಬೇರೆ, ಕೊಳ್ಳುವವರ ಮೊಳವೇ ಬೇರೆ ಎಂಬುದು ಊರಿನ ಸಂತೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಈ ಕ್ಯಾಬಿನೆಟ್ಟಿಗೆ ಆ ಕಾರ್ಡು ಹೋಗುವುದಿಲ್ಲ. ಒಂದು ಮಾತು ಹೇಳಬೇಕಿತ್ತು, ಅಷ್ಟೇ. ಅವನು ಹೇಳಲಿಲ್ಲ. ಹಿಡಿಸದಿದ್ದರೆ ವಾಪಸು ತರಬೇಕು, ವಾಪಸು ತಂದರೆ ದೊಡ್ಡದನ್ನೇ ತಗೊಳ್ಳಬೇಕು ಎಂದು ಅವನ ಮನಸ್ಸು ಕಳ್ಳಲೆಕ್ಕ ಹಾಕಿತ್ತು. "ಗೀರು ಬೀಳದಿದ್ರೆ ಮೂರು ದಿನದೊಳಗೆ ಬದಲಾಯಿಸಿ ಕೊಡ್ತೀನಿ," ಎಂದು ಸಂದೀಪ್ ಭಯ್ಯಾ ಹಿಂದಿಯಲ್ಲಿ ಹೇಳಿದಾಗ ಆ ಲೆಕ್ಕಕ್ಕೆ ಮೊಹರೂ ಬಿತ್ತು.

ಮನೆಗೆ ಬಂದ ಮೇಲೆ ಹಂಸಿನಿ ಬೋರ್ಡನ್ನು ಜೋಪಾನವಾಗಿ ಒಳಗಿಟ್ಟು ತಿರುಪು ಹಾಕಿದಳು. ಆಮೇಲೆ ಕಾರ್ಡು. ಅದು ಅರ್ಧ ಹೋಗಿ ಎದುರಿನ ತಗಡಿಗೆ ತಾಗಿ ನಿಂತಿತು. ಓರೆ ಮಾಡಿ ನೋಡಿದಳು. ತೆಗೆದು ಮತ್ತೆ ನೋಡಿದಳು. ಎರಡು ಮೂರು ಬೆರಳಷ್ಟು ಹೊರಗೇ ಉಳಿಯಿತು.

ಅವಳು ಕಾರ್ಡನ್ನು ಕೆಳಗಿಟ್ಟು ಸಾತ್ವಿಕ್‌ನ ಬಲಗೈ ಎಳೆದುಕೊಂಡಳು. ಅವನ ಅಂಗೈಗೆ ತನ್ನ ಅಂಗೈ ಆನಿಸಿದಳು. ಅವಳ ಬೆರಳ ತುದಿಗಳು ಅವನ ಬೆರಳುಗಳ ಮೇಲಿನ ಗೆಣ್ಣಿಗೇ ನಿಂತುಬಿಟ್ಟವು. ಹಾಗೇ ಹಿಡಿದುಕೊಂಡೇ ಕೇಳಿದಳು.

"ಅಂಗಡೀಲೇ ಗೊತ್ತಾಗಿತ್ತಾ ನಿನಗೆ?"

ಸುಳ್ಳು ಹೇಳಬಹುದಿತ್ತು. ಆ ಕೈ ಅಲ್ಲೇ ಇದ್ದುದರಿಂದ ಆಗಲಿಲ್ಲ. "ಗೊತ್ತಾಗಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಹಿಡಿ ಇರೋದನ್ನ ತಗೊಂಡ್ರೆ ನೀನು ಹೊರಟೇ ಹೋಗ್ತೀಯ ಅನ್ನಿಸ್ತು," ಎಂದ ಸಾತ್ವಿಕ್. "ನೀನು ಹೋಗೋದು ನನಗೆ ಇಷ್ಟ ಇಲ್ಲ ಹಂಸಿನಿ. ತಡೆಯೋಕೂ ಇಷ್ಟ ಇಲ್ಲ. ನಿನ್ನಿಷ್ಟ ಅಂದೆನಲ್ಲ, ಅದು ಸುಳ್ಳು."

ಹಂಸಿನಿ ಕೈ ಬಿಟ್ಟು ಕಿಟಕಿಯ ಕಡೆ ನೋಡಿದಳು. ಅಲ್ಲಿ ನೋಡಲು ಏನೂ ಇರಲಿಲ್ಲ, ಮಂಜು ಗಾಜಿನವರೆಗೂ ಬಂದಿತ್ತು.

"ಪಾಗಲ್," ಎಂದಳು ಮೆಲ್ಲಗೆ. "ಆ ಹಿಡಿ ನನಗಲ್ಲ, ನಿನಗೆ. ಶುಕ್ರವಾರ ಆಫೀಸ್ ಮುಗಿಸಿ, ಇದನ್ನ ಕೈಲಿ ಹಿಡ್ಕೊಂಡು ಟ್ರೇನ್ ಹತ್ತಿದ್ರೆ ಬೆಳಿಗ್ಗೆ ಉದಯಪುರ. ನೀನು ಬರ್ತೀಯ ಅಂತ ಅಂದ್ಕೊಂಡಿದ್ದೆ. ನಿನ್ನಿಷ್ಟ ಅಂದಾಗ, ಬರಲ್ಲ ಅಂದ ಹಾಗೆ ಕೇಳಿಸ್ತು ನನಗೆ."

ಸಾತ್ವಿಕ್‌ಗೆ ಈಗ ಅರ್ಥವಾಯಿತು. ಅವಳು ತನ್ನನ್ನು ಕರೆಯಲೆಂದು ಆರಿಸಿದ್ದ ವಸ್ತುವಿಗೇ ಅವನು ಕಲ್ಲು ಹಾಕಿದ್ದ. ಹಂಸಿನಿ ಜಗಳವಾಡಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ಆ ಸಂಜೆ ದೋಣಿ ನೀರಿಗಿಳಿಯಲಿಲ್ಲ. ಕಾರ್ಡು ಹೊರಗೆ, ಬೋರ್ಡು ಕ್ಯಾಬಿನೆಟ್ಟಿನ ಒಳಗೆ, ನಡುವೆ ಒಂದು ತಗಡು.

ಭಾನುವಾರ ಅವಳು ಅಪ್ಪ ಅಮ್ಮನ ಹತ್ತಿರ ಮಾತಾಡಿ ಬರುತ್ತೇನೆಂದು ದ್ವಾರಕಾಕ್ಕೆ ಹೋದಳು. ಸೋಮವಾರದ ಉತ್ತರ ಏನೆಂದು ಹೇಳಲಿಲ್ಲ. ಸಾತ್ವಿಕ್ ಬೋರ್ಡನ್ನು ಬಿಚ್ಚಿ ಬಟ್ಟೆಯ ಚೀಲಕ್ಕೆ ಹಾಕಿದ, ಕಾರ್ಡನ್ನು ದಪ್ಪ ಟವೆಲಿನಲ್ಲಿ ಸುತ್ತಿ ಎದೆಗಾನಿಸಿಕೊಂಡ, ಪುಟಾಣಿ ಕ್ಯಾಬಿನೆಟ್ಟನ್ನು ಇನ್ನೊಂದು ಕೈಯಲ್ಲಿ ತೂಗಿಸಿಕೊಂಡು ಹೊರಟ. ಮೆಟ್ರೋದಲ್ಲಿ ಒಬ್ಬ ಆಂಟಿ ಎದ್ದು ಸೀಟು ಬಿಟ್ಟುಕೊಟ್ಟು, "ಎಷ್ಟು ತಿಂಗಳ ಮಗು?" ಎಂದು ಟವೆಲನ್ನು ನೋಡಿ ಕೇಳಿದಳು. "ಎಂಟು," ಎಂದ. ಸುಳ್ಳೇನಲ್ಲ, ಮದುವೆಯ ಲೆಕ್ಕ ಅಷ್ಟೇ.

"ಅಳತೆ ಏನು ತಂದಿದೀರಿ ಇವತ್ತು?" ಎಂದು, ಭಾನುವಾರವೂ ಅಂಗಡಿ ತೆಗೆದಿದ್ದ ಸಂದೀಪ್ ಭಯ್ಯಾ ಕೇಳಿದ.

"ಅಳತೆ ಬೇಡ. ಕಾರ್ಡನ್ನೇ ತಂದಿದೀನಿ. ಹಿಡಿ ಇರೋದೆಲ್ಲ ಇಳಿಸಿ."

ಒಂದಕ್ಕೆ ಉದ್ದ ಸಾಲದು, ಇನ್ನೊಂದಕ್ಕೆ ದಪ್ಪ ಸಾಲದು. ಐದನೆಯದು ಅಂಗಡಿಯ ಹಿಂಬದಿಯಿಂದ ಬಂತು. ಬೂದು ಬಣ್ಣ, ಗಾಜಿಲ್ಲ, ಬಣ್ಣದ ಲೈಟಿಲ್ಲ, ಮೈತುಂಬ ಜಾಲರಿ, ಮೇಲೆ ಗಟ್ಟಿ ಹಿಡಿ. ಯಾರೂ ಕಣ್ಣೆತ್ತಿ ನೋಡದ ರೂಪ. ಕಾರ್ಡು ಅದರೊಳಗೆ ನುಣ್ಣಗೆ ಜಾರಿ, ಕೂದಲೆಳೆಯಷ್ಟು ಜಾಗ ಬಿಟ್ಟು ಕೂತಿತು. ಪುಟಾಣಿಯನ್ನು ವಾಪಸು ಕೊಟ್ಟು ಇದನ್ನೇ ತಗೊಂಡ ಸಾತ್ವಿಕ್. ಬೋರ್ಡನ್ನೂ ಅಲ್ಲೇ ಜೋಡಿಸಿಕೊಂಡ. ಭಯ್ಯಾ ಒಂದು ಟೀ ತರಿಸಿಕೊಟ್ಟ.

ವಾಪಸು ಬರುವಾಗ ಅವನು ಅದನ್ನು ಒಂದು ಗಳಿಗೆಯೂ ಕೆಳಗಿಡಲಿಲ್ಲ. ಎರಡು ಕಡೆ ರೈಲು ಬದಲಾಯಿಸಿದ, ಮೆಟ್ಟಿಲು ಹತ್ತಿದ, ಇಳಿದ. ಮಿಕ್ಕ ದಾರಿಯೆಲ್ಲ ಅದು ಅವನ ತೊಡೆಯ ಮೇಲಿತ್ತು. ಹೊರಗೆ ಮಂಜು ತೆಳುವಾಗಿ, ಯಮುನೆ ಒಂದು ಕ್ಷಣ ಬೆಳ್ಳಗೆ ಕಂಡು ಮರೆಯಾಯಿತು. ಅದರ ಮೇಲೆ ನಿಜವಾಗಿ ಒಂದು ದೋಣಿ ಇತ್ತೋ, ಅವನಿಗೆ ಹಾಗೆ ಕಂಡಿತೋ, ಹೇಳುವುದು ಕಷ್ಟ. ತೊಡೆ ಜೋಮು ಹಿಡಿದಿತ್ತು. ಅವನು ಫೋನ್ ತೆಗೆದು ಏನನ್ನೋ ಒತ್ತಿದ.

ಮನೆ ಬಾಗಿಲು ತೆಗೆದದ್ದು ಹಂಸಿನಿ. ಅವಳಾಗಲೇ ದ್ವಾರಕಾದಿಂದ ಬಂದಾಗಿತ್ತು. ಬಾಗಿಲಲ್ಲಿ ನಿಂತ ಗಂಡನನ್ನೂ ಅವನ ಕೈಯಲ್ಲಿದ್ದ ಬೂದು ಡಬ್ಬಿಯನ್ನೂ ನೋಡಿದಳು.

"ಕಾರ್ಡ್ ಒಳಗಿದೆ, ಬೋರ್ಡೂ ಇದೆ," ಎಂದ ಸಾತ್ವಿಕ್. "ಎಲ್ಲ ಸೇರಿ ಭಾರ ಎಷ್ಟಾಗುತ್ತೆ ಅಂತ ನೋಡ್ಬೇಕಿತ್ತು. ಅಲ್ಲಿಂದ ಇಲ್ಲೀವರೆಗೂ ತೊಡೆ ಮೇಲೇ ಇಟ್ಕೊಂಡು ಬಂದೆ. ಆಗುತ್ತೆ. ನೀನು ಹೋಗು ಹಂಸಿನಿ."

ಅವಳು ಕೈ ಮುಂದೆ ಮಾಡಿ ಅವನ ಕೈಯ ಪಕ್ಕದಲ್ಲೇ ಹಿಡಿಯನ್ನು ಹಿಡಿದುಕೊಂಡಳು, ಭಾರ ನೋಡುವವಳ ಹಾಗೆ.

"ಮೊದಲನೇ ಸಲ ಯಾವಾಗ ಬರ್ತೀಯ?"

"ಶಿವರಾತ್ರಿಗೆ. ಈಗ ಮೆಟ್ರೋದಲ್ಲೇ ಟಿಕೆಟ್ ತಗೊಂಡೆ," ಎಂದ. "ವೇಟಿಂಗ್ ಲಿಸ್ಟ್ ಹನ್ನೊಂದು."

"ಹನ್ನೊಂದು ತಾನೇ, ಕನ್ಫರ್ಮ್ ಆಗುತ್ತೆ," ಎಂದಳು ಹಂಸಿನಿ. ಇಬ್ಬರೂ ಸೇರಿ ಅದನ್ನು ಒಳಗೆ ತಂದು ಮೇಜಿನ ಮೇಲಿಟ್ಟರು. ಅವಳು ಖಾಲಿ ರಟ್ಟಿನ ಡಬ್ಬಿಯನ್ನು ಮಡಚಿ ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ತೆರೆದು ಉದಯಪುರಕ್ಕೆ ಉತ್ತರ ಬರೆಯಲು ಕೂತಳು.