ಮೂರರ ಬಾಲ

ಮಾಗಿಯ ಚಳಿ ಬಿಡದ ಕಾಲ. ಬಿಸಿಲಿನ್ನೂ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ತಮ್ಮನ ಔಷಧದಂಗಡಿಯಲ್ಲಿ ಕೂತು ಅಕ್ಕ ತಾನು ಮಾಡಿದ ಅಕ್ಷರಗಳನ್ನೇ ನೋಡುತ್ತಿದ್ದಳು. ಮಕ್ಕಳ ಪುಸ್ತಕಕ್ಕೆಂದು ಮಾಡಿದ ಫಾಂಟು ಅದು. ಬೋರ್ಡು ಬರೆದು ಮನೆ ಸಾಕಿದ ಅಪ್ಪನ ಕೈಬರಹವನ್ನೇ ಕಂಪ್ಯೂಟರಿಗೆ ಇಳಿಸಿ, ‘ಗೀಚು’ ಎಂದು ಹೆಸರಿಟ್ಟಿದ್ದಳು. ಗೆರೆಯೆಲ್ಲ ಒಂದೇ ದಪ್ಪ, ತಲೆಕಟ್ಟು ಒಂಚೂರು ಸೊಟ್ಟ. ತಮ್ಮ ಅದನ್ನು ಸೀಸೆಗಳ ಚೀಟಿಗೂ ಹಾಕಿಬಿಟ್ಟಿದ್ದ.

“ಔಷಧಕ್ಕೆ ಇದ್ಯಾಕೋ? ಕೋರ್ಟಿಗೆ ಚಡ್ಡೀಲಿ ಹೋದ ಹಾಗಿದೆ.”

“ಸುಮ್ನಿರೇ ಅಕ್ಕ. ಸೀಸೆ ಕಂಡ್ರೆ ಅಳ್ತಿದ್ದ ಮಕ್ಕಳು ಈಗ ನಗ್ತವೆ.”

ಅಷ್ಟರಲ್ಲಿ ಫೋನು ಬಂತು. ಹಿಂದಿನ ಬೀದಿಯ ಹೊಲಿಗೆಯಾಕೆ. ಅವಳ ದನಿ ಅಕ್ಕನಿಗೂ ಕೇಳುವಷ್ಟು ಜೋರಾಗಿತ್ತು.

“ಅಣ್ಣಾ, ನಿನ್ನೆ ಕೊಟ್ರಲ್ಲ ಕೆಮ್ಮಿನ ಹನಿ, ಅದು ಕುಡಿಸಿದ್ಮೇಲೆ ಮಗು ಏಳ್ತಿಲ್ಲ. ಅಲ್ಲಾಡಿಸಿದ್ರೂ ಕಣ್ಣು ಬಿಡ್ತಿಲ್ಲ!”

“ಎಷ್ಟು ಹನಿ ಹಾಕಿದ್ರಮ್ಮ?”

“ನೀವು ಬರೆದಷ್ಟೇ. ಆರು.”

“ಮೂರಲ್ವಾ ಬರೆದಿದ್ದು?”

“ಆರು! ಚೀಟಿ ನನ್ನ ಕೈಯಲ್ಲೇ ಇದೆ.”

“ಸೀಸೆ ಸಮೇತ ಈಗಲೇ ದೊಡ್ಡಾಸ್ಪತ್ರೆಗೆ ಓಡಿ. ನಾನೂ ಬಂದೆ.”

ಫೋನಿಟ್ಟವನೇ ಅದೇ ಚೀಟಿಯನ್ನು ಮತ್ತೆ ಪ್ರಿಂಟು ತೆಗೆದ. “ನೋಡೇ, ಮೂರೇ ತಾನೆ?”

ಅಕ್ಕ ಕಣ್ಣುಜ್ಜಿಕೊಂಡು ನೋಡಿದಳು. ‘೩ ಹನಿ.’ ಮೂರೇ. ಹೋದ ಜೀವ ಬಂದ ಹಾಗಾಯಿತು. ಆದರೂ ಮನಸ್ಸು ತಡೆಯದೆ ಪಕ್ಕದಂಗಡಿಯ ಗಡಿಯಾರ ರಿಪೇರಿಯವನ ಮುಂದೆ ಚೀಟಿ ಹಿಡಿದಳು.

“ಎಷ್ಟು ಹನಿ ಅಂತಿದೆ, ಓದಿ.”

“ಆರು. ಯಾಕಮ್ಮ?”

ಅಕ್ಕ ಚೀಟಿಯನ್ನು ಮತ್ತೆ ಕಣ್ಣ ಹತ್ತಿರ ಹಿಡಿದಳು. ಮೂರಕ್ಕೂ ಆರಕ್ಕೂ ಮೈ ಒಂದೇ, ಬಾಲ ಮಾತ್ರ ಬೇರೆ. ಅಪ್ಪ ಮೂರರ ಬಾಲವನ್ನೂ ಆರರ ಬಾಲದ ಹಾಗೇ ತಿರುಗಿಸುತ್ತಿದ್ದ. ಅಕ್ಕ ತಮ್ಮ ಇಬ್ಬರೂ ಅಂಕಿ ಕಲಿತದ್ದು ಆ ಕೈಯಿಂದಲೇ. ಅವರ ಕಣ್ಣಿಗೆ ಅದು ಎಂದೂ ಆರಾಗಿ ಕಂಡಿರಲಿಲ್ಲ. ಅಂದವಾಗಿದೆಯೆಂದು ಅವಳು ಆ ಬಾಲವನ್ನು ಇನ್ನಷ್ಟು ಕೊಂಕಿಸಿದ್ದಳು ಬೇರೆ.

ತಮ್ಮ ಷಟರ್ ಎಳೆದ. ದಾರಿಯುದ್ದಕ್ಕೂ ಅವನು ಸೀಸೆ ಒಯ್ದವರಿಗೆಲ್ಲ ಫೋನು ಮಾಡುತ್ತಲೇ ಇದ್ದ. “ಅದು ಮೂರು ರೀ, ಮೂರು. ಆರಲ್ಲ.” ಉಳಿದವರ ಮನೆಯಲ್ಲಿ ಮಕ್ಕಳು ಎದ್ದು ಆಡುತ್ತಿದ್ದವು.

ಆಸ್ಪತ್ರೆಯ ಬೆಂಚಿನಲ್ಲಿ ಹೊಲಿಗೆಯಾಕೆ ಮಗುವಿನ ಟೋಪಿ ಹಿಂಡುತ್ತಾ ಕೂತಿದ್ದಳು. ಒಳಗೆ ಬಿಡುತ್ತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುವರು, ಬಂದವರು ಬೇರೆಯವರೆಂದು ಕಂಡು ಕೂರುವರು. ಬಿಸಿಲು ಕಿಟಕಿ ದಾಟಿ ಹೋದ ಮೇಲೆ ಒಳಗಿಂದ ಸಣ್ಣಗೆ ಅಳು ಕೇಳಿತು. ತಾಯಿ ನುಗ್ಗಿಬಿಟ್ಟಳು. ಅವಳನ್ನು ಯಾರೂ ತಡೆಯಲಿಲ್ಲ.

ಅವಳು ತಿರುಗಿ ಹೊರಗೆ ಬಂದಾಗ ತಮ್ಮ ಕೈಜೋಡಿಸಿದ. “ಅಮ್ಮಾ, ನಾನು ಹಾಕಿದ್ದು ಮೂರೇ...”

“ನಿಮ್ಮನೇಲಿ ಅದು ಮೂರಿರಬಹುದು ಅಣ್ಣಾ. ನಮ್ಮನೇಲಿ ಆರು.”



ಎರಡು ದಿನದ ಮೇಲೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಲಿಗೆಯಾಕೆ ಮನೆಗೆ ಹೊರಟಳು. ಆಸ್ಪತ್ರೆಯ ಗೇಟಿನ ಬಳಿ ನಿಂತಿದ್ದ ಅಕ್ಕ ತಮ್ಮ ಇಬ್ಬರ ಕಡೆಗೂ ಅವಳು ತಿರುಗಿ ನೋಡಲಿಲ್ಲ.