ಕೂಗು ಬಾರದ ತಂತಿ

ಸಾಲಾಗಿ ಮಿನುಗುತ್ತಿದ್ದ ಹಸಿರು ದೀಪಗಳ ನಡುವೆ ಒಂದು ದೀಪದ ರೀತಿಯೇ ಬೇರೆಯಾಗಿತ್ತು. ಅದು ಬಹಳ ಹೊತ್ತು ಸುಮ್ಮನಿದ್ದು, ಥಟ್ಟನೆ ನಾಲ್ಕಾರು ಸಲ ಮಿಟುಕಿ, ಮತ್ತೆ ಸುಮ್ಮನಾಗುತ್ತಿತ್ತು. ಯಾರೋ ಯೋಚಿಸಿ ಯೋಚಿಸಿ ಮಾತಾಡಿದ ಹಾಗೆ. ಕೆಲಸಕ್ಕೆ ಸೇರಿದ ಆ ಮೊದಲ ದಿನಗಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ದೀಪವೇ.

ವಿಶ್ವವಿದ್ಯಾಲಯದಿಂದ ಹೊರಬಿದ್ದವಳು ಸೇರಿದ್ದು ದಿಬ್ಬದ ಮೇಲಿನ ಒಂದು ಹಳೆಯ ಆಸ್ಪತ್ರೆಗೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ನೆಟ್‌ವರ್ಕ್ ವಿಭಾಗಕ್ಕೆ. ವಿಭಾಗ ಎನ್ನುವುದು ದೊಡ್ಡ ಮಾತಾಯಿತು. ಮೆಟ್ಟಿಲ ಕೆಳಗೊಂದು ಕೋಣೆ, ಅದರ ತುಂಬ ತಂತಿ, ತಂತಿಗಳ ನಡುವೆ ನಮ್ಮ ಮುಖ್ಯಸ್ಥರಾದ ಇಂದುಧರ ಸಾರ್. ಗೋಡೆಯ ಪೆಟ್ಟಿಗೆಗೆ ಬಂದು ಸೇರುವ ಒಂದೊಂದು ತಂತಿಗೂ ಒಂದೊಂದು ಹಸಿರು ದೀಪ; ತಂತಿಯಲ್ಲಿ ಸಂದೇಶ ಹರಿದರೆ ಅದು ಮಿಟುಕುತ್ತದೆ. ಪುಸ್ತಕದಲ್ಲಿ ನೇರ ಗೆರೆಗಳಾಗಿದ್ದ ನೆಟ್‌ವರ್ಕು ಇಲ್ಲಿ ಬೆಕ್ಕು ಆಡಿಬಿಟ್ಟ ನೂಲುಂಡೆಯಾಗಿತ್ತು. ನನ್ನದೋ, ಪಕ್ಕದವರಿಗೂ ಕೇಳಿಸದ ದನಿ. "ಫೋನಲ್ಲಿ ನೀನು ಮಾತಾಡಿದ್ರೆ ಲೈನ್ ಕಟ್ಟಾಯ್ತು ಅಂದ್ಕೋತಾರಲ್ಲಮ್ಮ," ಎಂದು ಸಂದರ್ಶನದ ದಿನವೇ ಸಾರ್ ಚುಡಾಯಿಸಿದ್ದರು. ಕೆಲವು ದಿನ ನೋಡಿ ಕೆಲಸ ಕಾಯಂ ಮಾಡುವ ಮಾತಾಗಿತ್ತು. ಆ ಕೆಲಸ ನನಗೆ ಬೇಕೇಬೇಕಿತ್ತು.

ಹೆಸರಿನ ಚೀಟಿಯಿಲ್ಲದ ತಂತಿ ಕಂಡರೆ ನಮ್ಮ ಕಸುಬಿನಲ್ಲೊಂದು ರೂಢಿಯಿದೆ: ಕಿತ್ತು ನೋಡುವುದು. ಎಲ್ಲಿಂದಾದರೂ ಯಾರಾದರೂ ಕೂಗಿದರೆ ಅದು ಬೇಕಾದ ತಂತಿ. ಕೂಗದಿದ್ದರೆ ಕತ್ತರಿಸಿ ಎಸೆಯುವುದು. ಹಳೆಯದನ್ನೆಲ್ಲ ಗುಡಿಸಿ ಹೊಸ ಪೆಟ್ಟಿಗೆ ಕೂರಿಸಬೇಕಿದ್ದ ಆ ದಿನ, ಒಂದೊಂದನ್ನೇ ಕೀಳುತ್ತ ಬಂದ ಸಾರ್ ಕೈ ನನ್ನ ದೀಪದ ಹತ್ತಿರ ಬಂತು.

"ಇದು ಬೇಡ ಸಾರ್. ಯಾರೋ ಮಾತಾಡ್ತಿದಾರೆ ಅನ್ಸುತ್ತೆ."

"ಅನ್ಸುತ್ತೆ ಅನ್ನೋದನ್ನ ಯಾವ ಕಾಲೇಜಲ್ಲಿ ಹೇಳ್ಕೊಟ್ರು? ನನ್ನ ಊಟ ಮುಗಿಯೋವರೆಗೂ ಟೈಮ್ ಕೊಡ್ತೀನಿ, ಹೋಗಿ ಹುಡುಕು. ಆಮೇಲೆ ಕಿತ್ತೇ ಕೀಳ್ತೀನಿ. ಇಂಥ ಅನುಮಾನ ಇಟ್ಕೊಂಡ್ರೆ ಈ ಕೆಲಸ ನಿನ್ನ ಕೈಲಾಗಲ್ಲ, ನೋಡು."

ತಂತಿಯ ಬೆನ್ನು ಹತ್ತಿ ಹೊರಟೆ. ಅದು ಗೋಡೆಗುಂಟ ಮಹಡಿ ಏರಿತು, ಮುಚ್ಚಿದ ಬಾಗಿಲುಗಳ ತಲೆಯ ಮೇಲೆ ಹಾಯಿತು, ಸುಣ್ಣದಡಿ ಮರೆಯಾಗಿ ಮತ್ತೆಲ್ಲೋ ಮೂಡಿತು. ವಾರ್ಡುಗಳ ನಡುವಿನ ಮಧ್ಯಾಹ್ನದ ಓಣಿಗಳಲ್ಲಿ ಬಿಳಿ ಪರದೆಗಳು ಉಬ್ಬಿ ಇಳಿಯುತ್ತಿದ್ದವು. ಮಲಗಿದವರೆಲ್ಲ ಒಂದೇ ಕನಸು ಕಾಣುತ್ತಿದ್ದಾರೆಂದೂ, ಆ ಕನಸಿನೊಳಗೆ ನಾನು ನಡೆಯುತ್ತಿದ್ದೇನೆಂದೂ ಅನ್ನಿಸಿತು. ಯಾಕೆ ಬಂದೆನೆಂಬುದೇ ಮರೆಯುವಂತಿತ್ತು. ಕತ್ತೆತ್ತಿ ತಂತಿಯನ್ನು ನೋಡಿಕೊಂಡೇ ನಡೆದೆ.

ಕೊನೆಗೆ ಅದು ಇಳಿದದ್ದು ಮೇಲಂತಸ್ತಿನ ಮೂಲೆಯ ಕೋಣೆಗೆ. ಕತ್ತಿಗೆ ಪಟ್ಟಿ ಸುತ್ತಿ ಉಸಿರಾಟಕ್ಕೆ ಕೊಳವೆ ಇಟ್ಟಿದ್ದ ಹೆಂಗಸೊಬ್ಬರು ಹಾಸಿಗೆಯಲ್ಲಿ ಒರಗಿ, ಆ ತಂತಿಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡುತ್ತಿದ್ದರು. ಯೋಚಿಸುವುದು, ನಾಲ್ಕಕ್ಷರ ಒತ್ತುವುದು, ಸುಮ್ಮನಾಗುವುದು. ನನ್ನ ದೀಪ ಅವರೇ! ನನ್ನನ್ನು ಕಂಡು ನಕ್ಕು, ಟೈಪು ಮಾಡಿ ತೋರಿಸಿದರು: "ಅಂಬುಜಾಕ್ಷಿ ಟೀಚರ್. ಗಂಟಲ ಆಪರೇಷನ್ ಆಗಿ ದನಿ ಹೋಯ್ತು. ಕರೆಗಂಟೆ ಕೆಟ್ಟಿದೆ. ಓಣಿಯ ಆ ತುದಿಯ ಸಿಸ್ಟರ್ ಜೊತೆ ಮಾತೆಲ್ಲ ಇದರಲ್ಲೇ."

ಎಂಥ ಸಂತೋಷವಾಯಿತೆಂದರೆ, ಸಾರ್ ಊಟದ ಗಡುವನ್ನೇ ಮರೆತು ಕುರ್ಚಿ ಎಳೆದು ಕೂತುಬಿಟ್ಟೆ.

ಅಷ್ಟರಲ್ಲಿ ಟೀಚರ್ ಎದೆ ಹಿಡಿದುಕೊಂಡು ಮುಂದೆ ಬಾಗಿದರು. ಆತುರಾತುರವಾಗಿ ಒತ್ತಿದರು: "ಸಿಸ್ಟರ್, ಉಸಿರಿನ ಕೊಳವೆ ಕಟ್ಟಿ" — ಅಲ್ಲಿಗೆ ಕಂಪ್ಯೂಟರ್ ಪರದೆ ನಿಂತುಹೋಯಿತು. ಸಂಪರ್ಕವಿಲ್ಲ ಎಂಬ ಬರಹವೊಂದೇ ಉಳಿಯಿತು. ಕೆಳಗೆ ಊಟ ಮುಗಿದಿತ್ತು.

ಟೀಚರ್ ಬಾಯಿ ತೆರೆದರು. ಜೀವವೆಲ್ಲ ಆ ಬಾಯಿಗೆ ಬಂದಿತ್ತು. ದನಿ ಮಾತ್ರ ಬರಲಿಲ್ಲ.

ಕೂಗಿದ್ದು ನಾನು. "ಸಿಸ್ಟರ್! ಸಿಸ್ಟರ್ ಬನ್ನಿ! ಉಸಿರು ಕಟ್ತಿದೆ!" ಎಂದು ಓಣಿಗೆ ಓಡಿ ಕಿರುಚಿದೆ. ಆಮೇಲೆ ಮೆಟ್ಟಿಲ ಕಂಬಿಯ ಮೇಲಿಂದ ಕೆಳಕ್ಕೆ ಬಗ್ಗಿ, "ತಂತಿ ಹಾಕಿ ಸಾರ್!" ಎಂದೆ. ಸೂರಿನ ಪಾರಿವಾಳಗಳು ಎದ್ದು ಹಾರಿದವು. ಅಂಥದ್ದೊಂದು ದನಿ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಸಿಸ್ಟರ್ ಓಡಿ ಬಂದರು, ಕೊಳವೆ ತೆರವಾಯಿತು, ಟೀಚರ್ ಮುಖಕ್ಕೆ ಬಣ್ಣ ಮರಳಿತು.

ನಾನು ಕೆಳಗಿಳಿದಾಗ ಸಾರ್ ತಂತಿಯನ್ನು ಸಿಕ್ಕಿಸಿ, ಅದರ ಮೇಲಿಂದ ಕೈ ತೆಗೆಯದೆ ನಿಂತಿದ್ದರು.

"ಯಾರು?"

"ಅಂಬುಜಾಕ್ಷಿ ಟೀಚರ್. ಅವರಿಗೆ ಕೂಗಕ್ಕಾಗಲ್ಲ ಸಾರ್."

"ಎಲ್ಲಿ ಬಚ್ಚಿಟ್ಟಿದ್ದೆಯಮ್ಮ ಈ ಗಂಟಲನ್ನ?" ಎಂದು ಸಾರ್ ಕೇಳಿ, ಕತ್ತರಿಯನ್ನು ಡ್ರಾಯರಿಗೆ ಹಾಕಿದರು. "ನಾಳೆಯಿಂದ ಕೀಳೋದು ಬೇಡ. ಮೊದಲು ನಡೆದು ನೋಡ್ಕೊಂಡು ಬಾ. ಇನ್ನು ಇದು ನಿನ್ನ ಕೆಲಸ."

ಚೀಟಿಯಲ್ಲಿ ಟೀಚರ್ ಹೆಸರು ಬರೆದು ತಂತಿಗೆ ಅಂಟಿಸಿದೆ. ಇಬ್ಬರೂ ಕಾದು ನಿಂತೆವು. ಹಸಿರು ದೀಪ ಸುಮ್ಮನಿತ್ತು, ಇನ್ನೂ ಸುಮ್ಮನಿತ್ತು. ಆಮೇಲೆ, ಏನೋ ನೆನಪಾದಂತೆ, ನಾಲ್ಕಾರು ಸಲ ಮಿಟುಕಿತು.