ದೊಡ್ಡ ದುರ್ಬೀನಿನ ಬೆನ್ನೇರಿದ ಚಿಕ್ಕ ದುರ್ಬೀನು

ಗುಡ್ಡದ ಮೇಲಿನ ಒಂದು ಪಟ್ಟಣದ ಜನಕ್ಕೆ ಆಕಾಶದ ಹುಚ್ಚು ಹಿಡಿದಿತ್ತು. ಹಿಡಿಸಿದವಳು ನಾಗಿಯಕ್ಕ. ಮೊಳದುದ್ದದ ಹಿತ್ತಾಳೆ ದುರ್ಬೀನನ್ನು ಸಂತೆಬೀದಿಯಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಹೋಗುವವರನ್ನೆಲ್ಲ ಕೂಗಿ ಕರೆದು, ತನ್ನ ಸ್ವಂತ ಜಮೀನು ತೋರಿಸುವವಳ ಹಾಗೆ ಚಂದ್ರನನ್ನು ತೋರಿಸುತ್ತಿದ್ದಳು.

ಈ ಹುಚ್ಚು ದೊರೆಗೂ ತಗುಲಿತು. ಅವನು ವಿದ್ವಾಂಸ ಪದ್ಮಣ್ಣನಿಂದ ಭಾರಿ ದುರ್ಬೀನೊಂದನ್ನು ಕಟ್ಟಿಸಿದ. ಅದರ ತಳದ ಕನ್ನಡಿ ಬಂಡಿಚಕ್ರದಷ್ಟು ಅಗಲ. ಅದನ್ನು ಉಜ್ಜಿ ಉಜ್ಜಿಯೇ ಪದ್ಮಣ್ಣನ ಯೌವನ ಕಳೆದಿತ್ತು. ಕೆಲಸ ಮುಗಿದ ಹೆಮ್ಮೆಯಲ್ಲಿ ಅವನು ದೊರೆಗೆ ಹೇಳಿದ: “ಇನ್ನು ಬೀದಿಯಲ್ಲಿ ಆ ಆಟಿಕೆ ಯಾಕೆ ಪ್ರಭು?” ಮರುದಿನವೇ ನಾಗಿಯಕ್ಕನ ಮುಕ್ಕಾಲಿ ಮನೆ ಸೇರಿತು.

ಬಳೆ ತೊಟ್ಟ ಶನಿಯನ್ನು ನೋಡಲು ಊರಿಗೆ ಊರೇ ಗುಡ್ಡ ಹತ್ತಿತು. “ಅವನು ನಮ್ಮನ್ನು ನೋಡುವ ಮೊದಲು ನಾವೇ ಅವನನ್ನು ನೋಡಿಬಿಡೋಣ” ಎಂದು ನಗುತ್ತ ಜನ ಸಾಲುಗಟ್ಟಿದರು. ಶನಿ ಬರಿಗಣ್ಣಿಗೆ ಕಾಣುತ್ತಲೇ ಇದ್ದ. ಆದರೆ ದೊಡ್ಡ ದುರ್ಬೀನಿನೊಳಗೆ ಹಿಡಿಯುವುದು ಆಕಾಶದ ಚೂರೇ ಚೂರು. ಕೊಳವೆ ಕೂದಲೆಳೆಯಷ್ಟು ಆಚೀಚೆಯಾದರೂ ಬರೀ ಕತ್ತಲೆ. ಪದ್ಮಣ್ಣ ಬೆವರಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಶನಿ ಸಿಗಲಿಲ್ಲ.

ದಿನಗಳು ಕಳೆದರೂ ಅದೇ ಕಥೆ. ಕೊನೆಗೆ ದೊರೆ ಅಂದ: “ಹುಣ್ಣಿಮೆವರೆಗೆ ನೋಡುತ್ತೇನೆ. ಆಮೇಲೆ ಆ ಕನ್ನಡಿಯನ್ನು ನನ್ನ ಬಚ್ಚಲಮನೆಗೆ ಕಳಿಸಿ. ನನ್ನ ಮೀಸೆಯಾದರೂ ಕಂಡೀತು.”

ಪದ್ಮಣ್ಣನಿಗೆ ಅನ್ನ ಸೇರಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ನಾಚಿಕೆ ನುಂಗಿಕೊಂಡು ನಾಗಿಯಕ್ಕನ ಬಾಗಿಲಿಗೆ ಹೋದ.

“ಅಕ್ಕಾ, ನಿಮ್ಮದರಲ್ಲಿ ಆಕಾಶ ಅಗಲವಾಗಿ ಕಾಣುತ್ತದಲ್ಲ?”

“ಯಾವುದರಲ್ಲಿ? ಆಟಿಕೆಯಲ್ಲೋ?”

ಅವನು ತಲೆತಗ್ಗಿಸಿದ. “ಅದನ್ನು ದೊಡ್ಡದಕ್ಕೆ ಬಿಗಿದುಕಟ್ಟಿದರೆ ಮೊದಲು ಅದರಲ್ಲಿ ಹುಡುಕಿ, ಆಮೇಲೆ ಇದರಲ್ಲಿ ನೋಡಬಹುದು. ನೀವಿಲ್ಲದೆ ನನ್ನ ಕನ್ನಡಿ ಕುರುಡು.”

ನಾಗಿಯಕ್ಕನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಅವಳು ಬೇಕೆಂದೇ ಉಳಿಸಿಕೊಂಡಳು. “ಬರುತ್ತೇನೆ. ಆದರೆ ನನ್ನದು ಮೇಲೆ ಕೂರಬೇಕು. ನಿಮ್ಮದು ಕೆಳಗೆ.”

“ಆಗಲಿ ತಾಯಿ.”

ಹಗಲಿಡೀ ಇಬ್ಬರೂ ಜಗಳವಾಡುತ್ತ ಕೆಲಸ ಮಾಡಿದರು. ದೂರದ ಒಂಟಿ ತಾಳೆಮರದ ತುದಿಯನ್ನು ಪದ್ಮಣ್ಣ ದೊಡ್ಡದರಲ್ಲಿ ಹಿಡಿದ. ಅದೇ ತುದಿ ತನ್ನದರ ನಟ್ಟನಡುವೆ ಬರುವವರೆಗೆ ನಾಗಿಯಕ್ಕ ತಿರುಪು ತಿರುಗಿಸಿದಳು. “ಮರ ತಲೆಕೆಳಗಾಗಿದೆ!” ಎಂದ ಅವನು ಚಿಕ್ಕದರಲ್ಲಿ ಇಣುಕಿ. “ಮರಕ್ಕೇನೂ ಬೇಸರವಿಲ್ಲ, ಸುಮ್ಮನಿರಿ” ಎಂದಳು ಅವಳು. ಚಿಕ್ಕದರ ಗಾಜಿನ ನಡು ಗುರುತಿಸಲು ಎರಡು ಎಳೆ ಬೇಕಾದವು. ಅವಳ ತಲೆಯ ಬಿಳಿಕೂದಲೊಂದು, ಅವನ ಮೀಸೆಯ ಕರಿಕೂದಲೊಂದು ಅಡ್ಡಡ್ಡ ಅಂಟಿಕೊಂಡವು.

ಸಂಜೆ ದೊರೆ ಬಂದ, ಜನರೂ ಬಂದರು. ನಾಗಿಯಕ್ಕ ಕಣ್ಣಿಟ್ಟು, “ಬಲಕ್ಕೆ… ಸಾಕು, ಸಾಕು… ಇಗೋ ಕೂದಲ ಮೇಲೆ ಕೂತ!” ಎಂದಳು. ಪದ್ಮಣ್ಣ ದೊಡ್ಡದರಲ್ಲಿ ಇಣುಕಿದ. ಬಳೆ ತೊಟ್ಟು, ಹೊಳೆಯುತ್ತ, ಶನಿ ಅಲ್ಲಿದ್ದ. ವಿದ್ವಾಂಸನೆಂಬುದನ್ನು ಮರೆತು ಅವನು ಕುಣಿದೇಬಿಟ್ಟ. ಇಣುಕಿದವರೆಲ್ಲ ಕೇಕೆ ಹಾಕಿದರು. ದೊರೆಯಂತೂ ಜಾಗ ಬಿಟ್ಟು ಏಳಲೇ ಒಲ್ಲ.

ಕೊನೆಗೂ ಎದ್ದವನು ಚಿಕ್ಕ ದುರ್ಬೀನಿನ ಬೆನ್ನು ಸವರಿದ. “ಇಷ್ಟು ದೊಡ್ಡ ಉಪಕಾರ ಮಾಡಿದ್ದನ್ನು ಇಷ್ಟು ಚಿಕ್ಕದಾಗಿ ಬಿಡಬಹುದೇ? ಇದನ್ನು ಬೆಳೆಸಿರಿ! ಕೆಳಗಿನದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿರಿ!”

“ಪ್ರಭು, ಅದು ಚಿಕ್ಕದಾಗಿರುವುದರಿಂದಲೇ—” ಎಂದು ಪದ್ಮಣ್ಣ ಬಾಯಿ ತೆರೆದ. ಜನರ ಜಯಕಾರದಲ್ಲಿ ಅವನ ಮಾತು ಮುಳುಗಿಹೋಯಿತು.

ನಾಗಿಯಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಕಟ್ಟಲಿ ಬಿಡಿ ಪದ್ಮಣ್ಣನವರೇ. ಅವರು ಕಟ್ಟಿ ಮುಗಿಸುವಷ್ಟರಲ್ಲಿ ನಾವು ಅರ್ಧ ಆಕಾಶ ನೋಡಿರುತ್ತೇವೆ. ಸ್ವಲ್ಪ ಸರಿಯಿರಿ, ಪಾಪ, ಜನ ಕಾಯುತ್ತಿದ್ದಾರೆ.”

ಅವರ ಬೆನ್ನ ಹಿಂದೆ, ಮಂತ್ರಿಗಳು ಆಗಲೇ ಹಗ್ಗ ಹಿಡಿದು ನೆಲ ಅಳೆಯತೊಡಗಿದ್ದರು.